ಗಂಡನ ಕೆಲಸ ಹೋಗಿದೆ, ಸಾಲಗಳು ಅವರ ಹೆಸರಲ್ಲಿವೆ: ಹೆಂಡತಿ ಎಷ್ಟಕ್ಕೆ ಹೊಣೆ?

ತುಮಕೂರು_ಟೀಚರ್:

ಎಲ್ಲರಿಗೂ ನಮಸ್ಕಾರ. ಬ್ಯಾಂಕು, ಕೋರ್ಟು ವ್ಯವಹಾರ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ನಮ್ಮನೆಯವರ ಸಾಫ್ಟ್‌ವೇರ್ ಕೆಲಸ ಹೋಗಿ ಎರಡು ತಿಂಗಳಾಯಿತು. ನಾನು ಖಾಸಗಿ ಹೈಸ್ಕೂಲಿನಲ್ಲಿ ಶಿಕ್ಷಕಿ, ಒಟ್ಟು ಸಂಬಳ 52,000. ಗೃಹಸಾಲ 38 ಲಕ್ಷ ಬಾಕಿ ಇದೆ, ವರ್ಷಕ್ಕೆ ಶೇ. 8.5 ಬಡ್ಡಿ, ಇನ್ನು 16 ವರ್ಷ, ಕಂತು ಸುಮಾರು 36,300. ಫ್ಲ್ಯಾಟ್ ನೋಂದಣಿ ಆಗಿರುವುದು ಅವರೊಬ್ಬರ ಹೆಸರಿಗೆ, ಆದರೆ ಬ್ಯಾಂಕಿನ ಕಾಗದಗಳಿಗೆ ನಾನೂ ಸಹಿ ಹಾಕಿದ್ದೇನೆ. ಪರ್ಸನಲ್ ಲೋನ್ ಆರೂವರೆ ಲಕ್ಷ, ಅದು ಅವರದೇ. ಕ್ರೆಡಿಟ್ ಕಾರ್ಡ್ ಬಾಕಿ 2.2 ಲಕ್ಷ, ಅದರದೊಂದು ಆಡ್‌ಆನ್ ಕಾರ್ಡ್ ನನ್ನ ಹತ್ತಿರವಿದೆ. 5 ಲಕ್ಷದ ಚೀಟಿ ಎತ್ತಿದ್ದಾರೆ, ತಿಂಗಳಿಗೆ 10,000ದಂತೆ ಇನ್ನೂ 21 ಕಂತು ಉಳಿದಿವೆ, ಅದಕ್ಕೆ ಜಾಮೀನು ನಾನೇ. ನನ್ನ ಒಡವೆ ಅವರ ಹೆಸರಲ್ಲಿ ಗಿರವಿ ಇದೆ.

ಗೃಹಸಾಲದ ಒಂದು ಕಂತು, ಪರ್ಸನಲ್ ಲೋನಿನ ಎರಡು ಕಂತು ತಪ್ಪಿವೆ. ವಸೂಲಿಯವರು ಈಗ ನನಗೇ ಫೋನ್ ಮಾಡಿ "ಗಂಡನ ಸಾಲ ಹೆಂಡತಿ ಕಟ್ಟಲೇಬೇಕು, ನಿಮ್ಮ ಸಂಬಳಕ್ಕೆ ಕೈ ಹಾಕ್ತೀವಿ" ಅಂತಾರೆ. ಇದು ನಿಜವಾ? ನನ್ನ ಸಂಬಳ ಒಂದರಲ್ಲಿ ಎಲ್ಲಾ ಕಟ್ಟಲು ಆಗಲ್ಲ. ಯಾವುದನ್ನು ಮೊದಲು ಕಟ್ಟಲಿ?

---

ವಕಾಲತ್ತು:

ಮೇಡಂ, ಮದುವೆಯಾದ ಮಾತ್ರಕ್ಕೆ ಗಂಡನ ಸಾಲ ಹೆಂಡತಿಯ ತಲೆಗೆ ಬರುವುದಿಲ್ಲ. ಹೆಂಡತಿಯ ಸಾಲ ಗಂಡನಿಗೂ ಬರುವುದಿಲ್ಲ. ನೀವು ಎಲ್ಲೆಲ್ಲಿ, ಏನಾಗಿ ಸಹಿ ಹಾಕಿದ್ದೀರಿ ಅನ್ನುವುದನ್ನಷ್ಟೇ ನೋಡಬೇಕು. ನಿಮ್ಮ ಐದೂ ಸಾಲಗಳಿಗೆ ಉತ್ತರ ಬೇರೆ ಬೇರೆ.

ಪರ್ಸನಲ್ ಲೋನ್ ಅವರೊಬ್ಬರ ಸಹಿಯಲ್ಲಿದ್ದರೆ ನಿಮ್ಮ ಸಂಬಳ, ನಿಮ್ಮ ಖಾತೆ, ನಿಮ್ಮ ಹೆಸರಿನ ಠೇವಣಿ ಯಾವುದಕ್ಕೂ ಅವರು ಬರುವಂತಿಲ್ಲ. ಕಾರ್ಡಿನದೂ ಹಾಗೆಯೇ. ಆಡ್‌ಆನ್ ಕಾರ್ಡ್ ಉಜ್ಜಿದವರು ನೀವೇ ಆಗಿದ್ದರೂ ಬ್ಯಾಂಕಿಗೆ ಬಾಕಿದಾರರು ಮೂಲ ಕಾರ್ಡುದಾರರು. ಆದರೆ ಇವತ್ತಿನಿಂದ ಆ ಕಾರ್ಡ್ ಬಳಸಬೇಡಿ.

ಗೃಹಸಾಲದ ಕಥೆಯೇ ಬೇರೆ. ಅಲ್ಲಿ ನೀವು ಸಹ-ಸಾಲಗಾರರು. ಕರಾರು ಕಾಯ್ದೆಯ 43ನೇ ಕಲಮಿನ ಪ್ರಕಾರ ಜಂಟಿಯಾಗಿ ಮಾತು ಕೊಟ್ಟವರಲ್ಲಿ ಯಾರೊಬ್ಬರಿಂದಲೂ ಪೂರ್ತಿ ಹಣ ಕೇಳಬಹುದು. "ಅರ್ಧ ನನ್ನದು, ಅರ್ಧ ಅವರದು" ಎಂಬ ಲೆಕ್ಕ ಬ್ಯಾಂಕಿನ ಮುಂದೆ ನಡೆಯುವುದಿಲ್ಲ. ಬಹಳ ಮಂದಿ ಎಡವುವುದು ಇಲ್ಲೇ: ಮನೆಗೆ ಸಹ-ಮಾಲೀಕರಾದವರನ್ನೆಲ್ಲ ಬ್ಯಾಂಕು ಸಹ-ಸಾಲಗಾರರನ್ನಾಗಿ ಮಾಡಿಕೊಳ್ಳುತ್ತದೆ, ಆದರೆ ಸಹ-ಸಾಲಗಾರರಾದವರೆಲ್ಲ ಸಹ-ಮಾಲೀಕರಾಗುವುದಿಲ್ಲ. ನಿಮ್ಮದು ಹಾಗೇ ಆಗಿದೆ. ಮನೆಯಲ್ಲಿ ಪಾಲಿಲ್ಲ, ಸಾಲದಲ್ಲಿ ಪೂರ್ತಿ ಹೊಣೆ. ಇನ್ನು ಮುಂದೆ ಗೃಹಸಾಲದ ಕಂತು ನಿಮ್ಮ ಸಂಬಳದಿಂದ ಹೋಗುವುದಾದರೆ ನಿಮ್ಮೊಬ್ಬರದೇ ಖಾತೆಯಿಂದ ಹೋಗಲಿ, ಸ್ಟೇಟ್‌ಮೆಂಟ್ ತೆಗೆದಿಡಿ. ನಾಳೆ ಎಷ್ಟು ಕಟ್ಟಿದ್ದೀರಿ ಅಂತ ತೋರಿಸಲು ಅದೇ ದಾಖಲೆ.

ಚೀಟಿಗೆ ನೀವು ಜಾಮೀನುದಾರರು. 128ನೇ ಕಲಮು: ಜಾಮೀನುದಾರರ ಹೊಣೆ ಮೂಲ ಸಾಲಗಾರರ ಹೊಣೆಯಷ್ಟೇ. "ಮೊದಲು ಅವರನ್ನು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ" ಎಂದು ಹೇಳುವ ಹಕ್ಕು ಇಲ್ಲ. ಕಟ್ಟಿದ ಮೇಲೆ ಅದನ್ನು ಗಂಡನಿಂದ ವಾಪಸ್ ಪಡೆಯುವ ಹಕ್ಕು 145ನೇ ಕಲಮಿನಲ್ಲಿದೆ, ಆದರೆ ಅದು ನಿಮ್ಮಿಬ್ಬರ ನಡುವಿನ ವಿಷಯ.

ಸಂಬಳದ ಬೆದರಿಕೆ ಬಗ್ಗೆ. ಫೋನಿನಲ್ಲಿ ಹೇಳಿದ ಮಾತ್ರಕ್ಕೆ ಯಾರೂ ಸಂಬಳ ಮುಟ್ಟಲಾರರು. ನೀವು ಹೊಣೆಯಿರುವ ಸಾಲಕ್ಕೇ ಆದರೂ ಡಿಕ್ರಿ (ಹಣ ಕಟ್ಟಬೇಕೆಂಬ ಕೋರ್ಟಿನ ತೀರ್ಪು) ಅಥವಾ ಅದಕ್ಕೆ ಸಮನಾದ ಆದೇಶ ಬೇಕು, ಆಮೇಲೆ ಜಪ್ತಿ ಆದೇಶ ಬೇಕು. ಆಗಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಅಡ್ಡ ನಿಲ್ಲುತ್ತದೆ: ಸಂಬಳದ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಜಪ್ತಿಗೆ ಸಿಗುವುದಿಲ್ಲ. ನಿಮ್ಮ 52,000ದಲ್ಲಿ 1,000 ಕಳೆದರೆ 51,000, ಅದರ ಮೂರನೇ ಒಂದು ಭಾಗ 17,000. ಹೆಚ್ಚೆಂದರೆ ಅಷ್ಟು, ಅದೂ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಅದೇ ಕಲಮಿನಲ್ಲಿ ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಪಿಎಫ್, ಮತ್ತು ಧರ್ಮದ ರೂಢಿಯಂತೆ ಹೆಣ್ಣುಮಗಳು ಮೈಮೇಲಿಂದ ತೆಗೆಯಲಾಗದ ಒಡವೆ ಕೂಡ ಜಪ್ತಿಯಿಂದ ಹೊರಗಿವೆ. ಅಂದರೆ ಕೊರಳಿನ ಮಾಂಗಲ್ಯಕ್ಕೆ ಯಾರೂ ಕೈ ಹಾಕುವಂತಿಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೂ ಇಲ್ಲ, 56ನೇ ಕಲಮು ಅದನ್ನು ನೇರವಾಗಿ ನಿಷೇಧಿಸಿದೆ. "ಅರೆಸ್ಟ್ ವಾರಂಟ್ ಬರುತ್ತೆ" ಅಂದರೆ ಈ ಸಂಖ್ಯೆ ನೆನಪಿರಲಿ.

ಒಂದೇ ಎಚ್ಚರಿಕೆ: ಇವೆಲ್ಲ ಚೆಕ್ ಬೌನ್ಸ್ ಪ್ರಕರಣಕ್ಕೆ ಅನ್ವಯಿಸುವುದಿಲ್ಲ. ಅದು ಕ್ರಿಮಿನಲ್.

---

ಹಳೇ_ಲೆಡ್ಜರ್:

ಬ್ಯಾಂಕಿನ ಕಡೆಯಿಂದ ಹೇಗೆ ನೋಡುತ್ತಾರೆ ಅನ್ನುವುದನ್ನು ಸೇರಿಸುತ್ತೇನೆ.

ಗೃಹಸಾಲದಲ್ಲಿ ಈಗ ನಿಮ್ಮ ಶತ್ರು ದಿನಗಳ ಲೆಕ್ಕ. 30 ದಿನದವರೆಗೆ ಬಾಕಿ ಇದ್ದರೆ ಬ್ಯಾಂಕು ಖಾತೆಗೆ ಹಾಕುವ ಎಚ್ಚರಿಕೆಯ ಗುರುತು ಎಸ್‌ಎಂಎ-0, 31ರಿಂದ 60 ಎಸ್‌ಎಂಎ-1, 61ರಿಂದ 90 ಎಸ್‌ಎಂಎ-2. 90 ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಎನ್‌ಪಿಎ ಆದಮೇಲೆ ಒಂದು ಕಂತು ಕಟ್ಟಿ ಹೊರಬರಲು ಆಗುವುದಿಲ್ಲ, ಅಸಲು ಬಡ್ಡಿ ಸೇರಿ ಹಿಂದಿನ ಬಾಕಿಯೆಲ್ಲ ಕಟ್ಟಿದರೆ ಮಾತ್ರ ಖಾತೆ ಮತ್ತೆ ಸರಿಯಾಗುತ್ತದೆ. ಆದ್ದರಿಂದ ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ಹಂಚಿ ಕಟ್ಟುವುದಕ್ಕಿಂತ ಗೃಹಸಾಲವನ್ನು 90ರ ಒಳಗೆ ಹಿಡಿದಿಟ್ಟುಕೊಳ್ಳುವುದು ಮುಖ್ಯ.

ಎನ್‌ಪಿಎ ಆದರೆ ಸರ್ಫೇಸಿ ಕಾಯ್ದೆಯ (ಅಡಮಾನದ ಆಸ್ತಿಯನ್ನು ಬ್ಯಾಂಕೇ ಸ್ವಾಧೀನಕ್ಕೆ ತೆಗೆದುಕೊಂಡು ಮಾರಲು ಬಿಡುವ ಕಾನೂನು) 13(2) ನೋಟಿಸ್ ಬರುತ್ತದೆ, ನಿಮ್ಮ ಹೆಸರಿಗೂ ಬರುತ್ತದೆ. 60 ದಿನ ಸಮಯ. ಆ ಅವಧಿಯಲ್ಲಿ ಬರವಣಿಗೆಯಲ್ಲಿ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದೊಳಗೆ ಉತ್ತರಿಸಬೇಕು. ಆಮೇಲೆ ಸ್ವಾಧೀನದ ನೋಟಿಸ್ ಅಂಟಿಸಿದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಹರಾಜಿನಲ್ಲಿ ಬಂದ ಹಣ ಸಾಲಕ್ಕೆ ಸಾಲದಿದ್ದರೆ ಉಳಿಕೆಗೆ ನಿಮ್ಮನ್ನೂ ಹಿಡಿಯಬಹುದು. ವಕಾಲತ್ತು ಅವರು ಹೇಳಿದ 17,000ದ ಲೆಕ್ಕ ನಿಜಕ್ಕೂ ಎದುರಾಗುವುದು ಆಗ. ಕೆಲಸ ಬೇಗ ಸಿಗುವ ಲಕ್ಷಣ ಇಲ್ಲದಿದ್ದರೆ, ಬ್ಯಾಂಕಿಗೆ ತಿಳಿಸಿ ನೀವೇ ಗಿರಾಕಿ ಹುಡುಕಿ ಮಾರುವುದು ಹರಾಜಿಗಿಂತ ಎಷ್ಟೋ ಮೇಲು.

ಅದಕ್ಕೂ ಮೊದಲು ಬ್ರಾಂಚಿಗೆ ಇಬ್ಬರೂ ಸಹಿ ಮಾಡಿದ ಪತ್ರ ಕೊಡಿ. ಕೆಲಸ ಹೋದ ತಾರೀಖು, ಕಂಪನಿಯ ಪತ್ರದ ಪ್ರತಿ, ನಿಮ್ಮ ಮೂರು ತಿಂಗಳ ಸಂಬಳದ ಚೀಟಿ, ಈಗ ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಅನ್ನುವ ಅಂಕಿ ಅದರಲ್ಲಿರಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಏನು ಕೇಳಬೇಕು ಅನ್ನುವುದಕ್ಕೆ ಲೆಕ್ಕ ನೋಡಿ: 38 ಲಕ್ಷಕ್ಕೆ 8.5ರಂತೆ ತಿಂಗಳ ಬಡ್ಡಿಯೇ 26,900. ಅವಧಿಯನ್ನು 25 ವರ್ಷಕ್ಕೆ ಎಳೆದರೆ ಕಂತು 30,600ಕ್ಕೆ ಇಳಿಯುತ್ತದೆ, ಅಂದರೆ 5,700 ಮಾತ್ರ ಉಳಿತಾಯ, ಆದರೆ ಕೊನೆಯವರೆಗೆ ಕಟ್ಟುವ ಒಟ್ಟು ಮೊತ್ತ ಸುಮಾರು 22 ಲಕ್ಷ ಹೆಚ್ಚುತ್ತದೆ. ಆರು ತಿಂಗಳು ಬಡ್ಡಿ ಮಾತ್ರ ಕಟ್ಟಲು ಅವಕಾಶ ಕೇಳುವುದು ನಿಮ್ಮ ಪರಿಸ್ಥಿತಿಗೆ ಒಳ್ಳೆಯದು. ಹೀಗೆ ಸಾಲದ ಪುನರ್‌ರಚನೆ ಆದರೆ ಅದು ಇಬ್ಬರ ಸಿಬಿಲ್ ವರದಿಯಲ್ಲೂ (ಸಾಲದ ಇತಿಹಾಸದ ದಾಖಲೆ) ದಾಖಲಾಗುತ್ತದೆ, ಅದನ್ನು ತಿಳಿದೇ ಸಹಿ ಹಾಕಿ.

ಗೃಹಸಾಲ ಕೊಡುವಾಗ ಬ್ಯಾಂಕು ಯಾವುದಾದರೂ ವಿಮೆ ಜೋಡಿಸಿತ್ತಾ ನೋಡಿ. ಕೆಲವು ಪಾಲಿಸಿಗಳಲ್ಲಿ ಕೆಲಸ ಹೋದರೆ ಮೂರು ಕಂತು ಕಟ್ಟಿಕೊಡುವ ಷರತ್ತು ಇರುತ್ತದೆ. ಆದರೆ ಅದು ಕಂಪನಿ ತೆಗೆದುಹಾಕಿದ್ದಕ್ಕೆ ಮಾತ್ರ, ರಾಜೀನಾಮೆಗೆ ಅಲ್ಲ. "ನೀವೇ ರಾಜೀನಾಮೆ ಕೊಟ್ಟುಬಿಡಿ, ದಾಖಲೆ ಚೆನ್ನಾಗಿರುತ್ತೆ" ಎಂದು ಎಚ್‌ಆರ್ ಹೇಳಿದ್ದನ್ನು ಕೇಳಿದವರಿಗೆ ಈ ಹಣ ಕೈತಪ್ಪುತ್ತದೆ. ಅವರ ಬಿಡುಗಡೆ ಪತ್ರದಲ್ಲಿ ಯಾವ ಪದ ಇದೆ ನೋಡಿ.

ಕಾರ್ಡಿನ ಬಗ್ಗೆ: 2.2 ಲಕ್ಷಕ್ಕೆ ತಿಂಗಳಿಗೆ ಶೇ. 3.5 ಹಿಡಿದರೆ ಬಡ್ಡಿ 7,700, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 9,086. ಕನಿಷ್ಠ ಬಾಕಿ ಶೇ. 5 ಅಂದರೆ 11,000 ಕಟ್ಟಿದರೆ ಅಸಲಿಗೆ ಹೋಗುವುದು ಎರಡು ಸಾವಿರವೂ ಇಲ್ಲ. ಹಾಗೆ ಕಟ್ಟುತ್ತಾ ಹೋಗುವುದಕ್ಕಿಂತ ಬಾಕಿಯನ್ನು ಕಂತುಗಳಾಗಿ ಮಾರ್ಪಡಿಸಲು ಅವರು ಬರೆದು ಕೇಳಲಿ.

---

ಚೀಟಿ_ಲೆಕ್ಕ:

ಚೀಟಿ ಬಗ್ಗೆ ಯಾರೂ ಗಂಭೀರವಾಗಿ ಯೋಚಿಸುವುದಿಲ್ಲ, ಆದರೆ ಇಲ್ಲಿ ಅದು ನಿಮಗೆ ಎರಡನೇ ಅಪಾಯ. ನೋಂದಾಯಿತ ಚೀಟಿಯಾದರೆ 1982ರ ಚಿಟ್ ಫಂಡ್ಸ್ ಕಾಯ್ದೆಯ 33ನೇ ಕಲಮಿನ ಪ್ರಕಾರ, ಚೀಟಿ ಎತ್ತಿದವರು ಕಂತು ತಪ್ಪಿಸಿದರೆ ಮುಂದಿನ ಎಲ್ಲಾ ಕಂತುಗಳನ್ನೂ ಒಟ್ಟಿಗೆ ಕೇಳಬಹುದು. ತಿಂಗಳ 10,000 ಒಂದೇ ನೋಟಿಸಿಗೆ 2,10,000 ಆಗುತ್ತದೆ, ಅದು ನಿಮ್ಮ ಹೆಸರಿಗೂ ಬರುತ್ತದೆ. ಕಂತು ತಪ್ಪುವ ಮೊದಲೇ ಚೀಟಿ ನಡೆಸುವ ಫೋರ್‌ಮನ್‌ಗೆ ಪತ್ರ ಕೊಟ್ಟು ಸಮಯ ಕೇಳಿ. ವ್ಯಾಜ್ಯ ಹೋಗುವುದು ಕೋರ್ಟಿಗಲ್ಲ, ಚೀಟಿಗಳ ರಿಜಿಸ್ಟ್ರಾರ್ ಬಳಿಗೆ.

ಇನ್ನೊಂದು, ಯಾವುದಾದರೂ ಸಹಕಾರ ಸಂಘದಲ್ಲಿ ನಿಮ್ಮ ಸಹಿ ಇದೆಯಾ? ಸದಸ್ಯರಾಗಿ ಸಂಬಳ ಕಡಿತದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರೆ ಅಲ್ಲಿ ಡಿಕ್ರಿಗೆ ಕಾಯಬೇಕಾಗಿಲ್ಲ, ಶಾಲೆಯ ಆಡಳಿತಕ್ಕೆ ಪತ್ರ ಬಂದರೆ ಕಡಿತ ಶುರು. ಹಾಗೆಯೇ ಮಹಿಳಾ ಸಂಘದಲ್ಲಿ ನಿಮ್ಮ ಹೆಸರಿನಲ್ಲಿ ತೆಗೆದು ಅವರು ಖರ್ಚು ಮಾಡಿದ ಸಾಲವಿದ್ದರೆ ಅದು ನಿಮ್ಮದೇ ಸಾಲ. ಹಣ ಯಾರು ಬಳಸಿದರು ಎಂದು ಯಾರೂ ಕೇಳುವುದಿಲ್ಲ.

---

ತುಮಕೂರು_ಟೀಚರ್:

ಮೂವರಿಗೂ ತುಂಬಾ ಧನ್ಯವಾದ. ಸಹಕಾರ ಸಂಘದಲ್ಲಿ ಏನೂ ಇಲ್ಲ. ಮೂರು ಪ್ರಶ್ನೆ ಉಳಿದಿವೆ. ಪರ್ಸನಲ್ ಲೋನಿನವರು "ನಿಮ್ಮದೊಂದು ಚೆಕ್ ಕೊಡಿ, ಸುಮ್ಮನೆ ಭದ್ರತೆಗೆ, ಫೋನ್ ಮಾಡಲ್ಲ" ಅಂತಿದ್ದಾರೆ, ಕೊಡಬಹುದಾ? ಅತ್ತೆಯವರು ಫ್ಲ್ಯಾಟನ್ನು ನನ್ನ ಹೆಸರಿಗೆ ದಾನಪತ್ರ ಮಾಡಿಸಿಬಿಡಿ, ಉಳಿಯುತ್ತೆ ಅಂತಾರೆ, ಉಳಿಯುತ್ತಾ? ಶಾಲೆಯ ಲ್ಯಾಂಡ್‌ಲೈನಿಗೂ ಫೋನ್ ಬಂತು, ಅದನ್ನು ನಿಲ್ಲಿಸುವುದು ಹೇಗೆ?

---

ವಕಾಲತ್ತು:

ಚೆಕ್ ಕೊಡಬೇಡಿ. ಸದ್ಯ ಆ ಸಾಲಕ್ಕೆ ನೀವು ಹೊರಗಿನವರು. ನಿಮ್ಮ ಸಹಿಯ ಚೆಕ್ ಅವರ ಕೈಗೆ ಹೋಗಿ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ನೋಟಿಸ್, 15 ದಿನ ಗಡುವು, ಆಮೇಲೆ ನಿಮ್ಮ ಮೇಲೇ ಕ್ರಿಮಿನಲ್ ದೂರು. ಬೇರೊಬ್ಬರ ಸಾಲಕ್ಕೆ ಕೊಟ್ಟ ಚೆಕ್ಕೂ ಆ ಕಲಮಿನೊಳಗೆ ಬರುತ್ತದೆ. ನಿಮ್ಮ ಖಾತೆಯಿಂದ ಆಟೋ-ಡೆಬಿಟ್‌ಗೆ ಒಪ್ಪಿಗೆ ಕೊಟ್ಟರೂ ಅಷ್ಟೇ, 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಕಲಮಿನಲ್ಲಿ ಅದಕ್ಕೂ ಅದೇ ಶಿಕ್ಷೆ. "ನಾನು ಕಟ್ಟುತ್ತೇನೆ" ಎಂದು ವಾಟ್ಸ್ಯಾಪಿನಲ್ಲೂ ಬರೆದುಕೊಡಬೇಡಿ. ಇನ್ನು ಜಂಟಿ ಖಾತೆಯ ಚೆಕ್‌ಗೆ ಗಂಡ ಒಬ್ಬರೇ ಸಹಿ ಹಾಕಿದ್ದು ಬೌನ್ಸ್ ಆದರೆ ನಿಮ್ಮ ಮೇಲೆ ಕೇಸು ನಿಲ್ಲುವುದಿಲ್ಲ, ಸಹಿ ಹಾಕದ ಜಂಟಿ ಖಾತೆದಾರರು ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ದಾನಪತ್ರ ಮಾಡಿಸಬೇಡಿ, ಅತ್ತೆಯವರಿಗೂ ಸಮಾಧಾನವಾಗಿ ತಿಳಿಸಿ. ಫ್ಲ್ಯಾಟು ಬ್ಯಾಂಕಿಗೆ ಅಡಮಾನವಾಗಿದೆ. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆದು ನೋಡಿ, ಹಕ್ಕುಪತ್ರ ಒತ್ತೆಯ ನಮೂದು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಮಾಲೀಕರ ಹೆಸರು ಬದಲಾದರೂ ಅಡಮಾನ ಮನೆಯ ಜೊತೆಗೇ ಬರುತ್ತದೆ. ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮಾಡಿದರೆ ಕರಾರು ಮುರಿದಂತೆ. ಉಳಿದ ಸಾಲಗಾರರೂ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಮಿನಡಿ "ಸಾಲ ತಪ್ಪಿಸಲು ಮಾಡಿದ ವರ್ಗಾವಣೆ" ಎಂದು ರದ್ದು ಕೋರಬಹುದು. ಬಾಕಿ ಬಿದ್ದ ಮೇಲೆ, ಹಣ ಪಡೆಯದೆ, ಹೆಂಡತಿಯ ಹೆಸರಿಗೆ: ಕೋರ್ಟಿಗೆ ಅನುಮಾನ ಬರಲು ಈ ಮೂರೇ ಸಾಕು.

ಒಡವೆಯ ಬಗ್ಗೆ ಯಾರೂ ಹೇಳಲಿಲ್ಲ. ಅದು ನಿಮ್ಮ ಸ್ತ್ರೀಧನವೇ ಇರಬಹುದು, ಆದರೆ ಗಿರವಿ ಚೀಟಿ ಅವರ ಹೆಸರಿನಲ್ಲಿರುವುದರಿಂದ ಹರಾಜಿನ ನೋಟಿಸು ಹೋಗುವುದು ಅವರ ವಿಳಾಸ, ಅವರ ಮೊಬೈಲಿಗೆ. ಆ ಗಿರವಿ ಚೀಟಿಯಲ್ಲಿ ಅವಧಿ ಮುಗಿಯುವ ದಿನಾಂಕ ಇವತ್ತೇ ನೋಡಿ. ಆ ದಿನದ ಮೊದಲೇ ಬಡ್ಡಿ ಕಟ್ಟಿ ನವೀಕರಣ ಕೇಳಬೇಕು.

---

ಹಳೇ_ಲೆಡ್ಜರ್:

ಫೋನುಗಳ ವಿಷಯ. ಆರ್‌ಬಿಐ 2022ರ ಆಗಸ್ಟ್‌ನಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಕರೆ ಮಾಡುವಂತಿಲ್ಲ. ಸಾಲಗಾರರನ್ನು ಸಾರ್ವಜನಿಕವಾಗಿ ಅವಮಾನಿಸುವುದು, ಅವರ ಮನೆಯವರ, ಸ್ನೇಹಿತರ ಖಾಸಗಿತನಕ್ಕೆ ಕೈ ಹಾಕುವುದು ನಿಷಿದ್ಧ. ಶಾಲೆಗೆ ಮಾಡಿದ ಕರೆ ಇದರೊಳಗೇ ಬರುತ್ತದೆ. ದಿನಾಂಕ, ಸಮಯ, ನಂಬರು, ಹೇಳಿದ ಮಾತು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬನ್ನಿ. ಲ್ಯಾಂಡ್‌ಲೈನ್ ಎತ್ತಿದ ಸಹೋದ್ಯೋಗಿಯಿಂದ ಎರಡು ಸಾಲು ಬರೆಸಿಕೊಳ್ಳಿ. ಅದನ್ನು ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, "ನಾನು ಈ ಸಾಲಕ್ಕೆ ಸಹ-ಸಾಲಗಾರಳಲ್ಲ, ಜಾಮೀನುದಾರಳಲ್ಲ, ನನ್ನನ್ನೂ ನನ್ನ ಶಾಲೆಯನ್ನೂ ಸಂಪರ್ಕಿಸಬೇಡಿ" ಎಂದು ಸ್ಪಷ್ಟವಾಗಿ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸರಿಯಿಲ್ಲದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು, ಶುಲ್ಕವಿಲ್ಲ. ಮಾಹಿತಿಗೆ 14448. ಆ ಸಂಸ್ಥೆಗೆ ದೂರು ಕೊಡದೆ ನೇರ ಓಂಬುಡ್ಸ್‌ಮನ್ ಹತ್ತಿರ ಹೋದರೆ ತಿರಸ್ಕರಿಸುತ್ತಾರೆ.

ನಿಮ್ಮ ಸಂಬಳ ಜಂಟಿ ಖಾತೆಗೆ ಬರುತ್ತಿದ್ದರೆ, ಅದೂ ಅವರ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲೇ ಇದ್ದರೆ, ಈ ವಾರವೇ ಬೇರೆ ಬ್ಯಾಂಕಿನಲ್ಲಿ ನಿಮ್ಮೊಬ್ಬರ ಖಾತೆ ತೆರೆಯಿರಿ. ಜಂಟಿ ಖಾತೆಯ ಹಣ ತಡೆಹಿಡಿಯಲು ಬ್ಯಾಂಕು ತನ್ನ ಷರತ್ತುಗಳನ್ನು ತೋರಿಸಬಹುದು. ಆಮೇಲೆ ವಾದಿಸಿ ಬಿಡಿಸಿಕೊಳ್ಳುವಷ್ಟರಲ್ಲಿ ತಿಂಗಳ ರೇಷನ್ನಿಗೇ ತೊಂದರೆ.

ಕಟ್ಟುವ ಕ್ರಮ ಕೇಳಿದ್ದಿರಿ. ಗೃಹಸಾಲ, ಒಡವೆಯ ಬಡ್ಡಿ, ಚೀಟಿ. ಈ ಮೂರು ಬಿಟ್ಟರೆ ನಿಮ್ಮ ಸಂಬಳದಲ್ಲಿ ಬೇರೇನಕ್ಕೂ ಜಾಗವಿಲ್ಲ. ಪರ್ಸನಲ್ ಲೋನ್, ಕಾರ್ಡ್ ವಿಷಯದಲ್ಲಿ ಅವರೇ ಬ್ಯಾಂಕಿನ ಜೊತೆ ಮಾತಾಡಲಿ. ಒಂದೇ ಸಲದ ಇತ್ಯರ್ಥಕ್ಕೆ ಬಂದರೆ ಮೊತ್ತ, ಗಡುವು ಬರೆದ ಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿ ಕಳಿಸಬಾರದು.

---

ಶರಾವತಿ_ತೀರ:

ಇದನ್ನು ಹೊರಗಿನಿಂದ ಓದುವವರಿಗೆ ಒಂದು ಮಾತು. ಮೇಲಿನದೆಲ್ಲ ಕರ್ನಾಟಕಕ್ಕೆ ಸರಿ. ಗೋವಾದ ನಾಗರಿಕ ಸಂಹಿತೆಯಡಿ ಮದುವೆಯಾದವರಿಗೆ ಆಸ್ತಿಯೇ ಜಂಟಿ, ಅಲ್ಲಿನವರನ್ನು ಮದುವೆಯಾದ ಕಾರವಾರದ ಕಡೆಯವರು ಅಲ್ಲಿನ ವಕೀಲರನ್ನೇ ಕೇಳಬೇಕು. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್ ಸೇರಿ ಅಮೆರಿಕದ 9 ರಾಜ್ಯಗಳಲ್ಲೂ ದಂಪತಿಯ ಸಮುದಾಯ ಆಸ್ತಿಯ ಕಾನೂನು ಇದೆ. ಮದುವೆಯ ನಂತರ ಒಬ್ಬರು ಮಾಡಿದ ಸಾಲಕ್ಕೆ ಇಬ್ಬರ ಗಳಿಕೆಯೂ ಸಿಗಬಹುದು. ಅಲ್ಲಿನ ವಿಡಿಯೊ ನೋಡಿ ಇಲ್ಲಿನವರು ಹೆದರುವುದೂ ಬೇಡ, ಇಲ್ಲಿನದನ್ನು ಓದಿ ಅಲ್ಲಿನವರು ನಿಶ್ಚಿಂತರಾಗುವುದೂ ಬೇಡ.

---

ವಕಾಲತ್ತು:

ಮೇಡಂ, ಒಂದು ಕೆಲಸ ಇವತ್ತೇ ಮಾಡಿ. ನಿಮ್ಮ ಪ್ಯಾನ್ ಹಾಕಿ ನಿಮ್ಮದೇ ಸಿಬಿಲ್ ವರದಿ ತೆಗೆಯಿರಿ, ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತ. ಪ್ರತಿ ಸಾಲದ ಕೆಳಗೆ ಓನರ್‌ಶಿಪ್ ಎಂಬ ಸಾಲು ಇರುತ್ತದೆ: ಇಂಡಿವಿಜುಯಲ್, ಜಾಯಿಂಟ್, ಗ್ಯಾರಂಟರ್, ಆಥರೈಸ್ಡ್ ಯೂಸರ್. ನೀವು ಎಲ್ಲಿ ಸಿಕ್ಕಿಕೊಂಡಿದ್ದೀರಿ ಅನ್ನುವುದು ಅಲ್ಲಿ ಬಹುಮಟ್ಟಿಗೆ ಗೊತ್ತಾಗುತ್ತದೆ. ಚೀಟಿ ಮಾತ್ರ ಅದರಲ್ಲಿ ಕಾಣುವುದಿಲ್ಲ.

---

ತುಮಕೂರು_ಟೀಚರ್:

ತೆಗೆದೆ ಸರ್. ಗೃಹಸಾಲ ಜಾಯಿಂಟ್ ಅಂತಿದೆ, ಕಾರ್ಡ್ ಆಥರೈಸ್ಡ್ ಯೂಸರ್. ಆದರೆ ಪರ್ಸನಲ್ ಲೋನೂ ಜಾಯಿಂಟ್ ಅಂತ ತೋರಿಸ್ತಿದೆ! ನಾನು ಅದಕ್ಕೆ ಎಲ್ಲೂ ಸಹಿ ಹಾಕಿಲ್ಲ. ಆಗ ಯಾವುದೋ ಆಧಾರ್ ಓಟಿಪಿ ಬಂದಿತ್ತು, ಅವರು ಕೇಳಿದರು ಅಂತ ಹೇಳಿದ ನೆನಪು.

---

ವಕಾಲತ್ತು:

ಆ ಓಟಿಪಿಯೇ ಸಹಿ ಆಗಿರಬಹುದು. ಆನ್‌ಲೈನ್ ಸಾಲಗಳಲ್ಲಿ ಆಧಾರ್ ಓಟಿಪಿ ಕೊಟ್ಟರೆ ಕರಾರಿಗೆ ಇ-ಸಹಿ ಬೀಳುತ್ತದೆ, ಕಾನೂನಿನಲ್ಲಿ ಅದಕ್ಕೆ ಪೆನ್ನಿನ ಸಹಿಯಷ್ಟೇ ಬೆಲೆ. ಆದರೆ ಪ್ರತಿ ಓಟಿಪಿಯೂ ಸಹಿಯಲ್ಲ, ಕೆಲವು ಗುರುತಿನ ಪರಿಶೀಲನೆಗೆ ಮಾತ್ರ. ಆದ್ದರಿಂದ ಊಹೆ ಬೇಡ. ನಿಮ್ಮ ಹೆಸರಿನ ಇಮೇಲಿನಿಂದ ಸಂಸ್ಥೆಗೆ ಬರೆದು ಪೂರ್ತಿ ಕರಾರಿನ ಪ್ರತಿ, ಇ-ಸಹಿಯ ಪ್ರಮಾಣ ದಾಖಲೆ, ಹಣ ಯಾವ ಖಾತೆಗೆ ಹೋಯಿತು ಅನ್ನುವ ವಿವರ ಕೇಳಿ. ಹಳೇ ಲೆಡ್ಜರ್ ಅವರು ಬರೆಸಿದ "ನಾನು ಸಹ-ಸಾಲಗಾರಳಲ್ಲ" ಎಂಬ ಸಾಲನ್ನು ಈ ಪ್ರತಿ ಬರುವವರೆಗೆ ತಡೆಹಿಡಿಯಿರಿ, ಕರೆಗಳ ದೂರನ್ನು ಮಾತ್ರ ಕಳಿಸಿ. ಇ-ಸಹಿಯ ಪುಟದಲ್ಲಿ ಸಹಿದಾರರ ಹೆಸರು, ದಿನಾಂಕ, ಸಮಯ ಇರುತ್ತದೆ.

ನಿಮ್ಮ ಹೆಸರು ಅದರಲ್ಲಿ ಇಲ್ಲದಿದ್ದರೆ ಸಿಬಿಲ್ ತಾಣದಲ್ಲಿ ತಕರಾರು ದಾಖಲಿಸಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ಆರ್‌ಬಿಐ ನಿಯಮವಿದೆ. ನಿಮ್ಮ ಹೆಸರು ಇದ್ದರೆ ಅದು ಗೃಹಸಾಲದ ಸಾಲಿಗೇ ಸೇರಿತು, ಕಟ್ಟುವ ಕ್ರಮವನ್ನು ಮತ್ತೆ ಲೆಕ್ಕ ಹಾಕಬೇಕು. ಆಗ ಸಂಸ್ಥೆಯಿಂದ ಮಧ್ಯಸ್ಥಿಕೆ (ಆರ್ಬಿಟ್ರೇಶನ್) ನೋಟಿಸು ಇಮೇಲಿಗೆ ಬರಬಹುದು, ಸ್ಪ್ಯಾಮ್ ಪೆಟ್ಟಿಗೆಯನ್ನೂ ದಿನಾ ನೋಡಿ. ಉತ್ತರಿಸದೆ ಬಿಟ್ಟರೆ ಏಕಪಕ್ಷೀಯವಾಗಿ ತೀರ್ಪಾಗುತ್ತದೆ, ಅದು ಡಿಕ್ರಿಯಂತೆಯೇ ಜಾರಿಯಾಗುತ್ತದೆ. ನೋಟಿಸು ಬಂದ ದಿನವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ ಅಥವಾ ತುಮಕೂರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ವಕೀಲರು ಉಚಿತ. ಕರಾರಿನ ಪ್ರತಿ ಬಂದಾಗ ಆಧಾರ್, ಖಾತೆ ನಂಬರು ಮುಚ್ಚಿ ಸಹಿಯ ಪುಟವನ್ನಷ್ಟೇ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.